ಪೈಲ್ವಾನನ ಜಗ್ಗು

ಸೀಟಿನ ಹಿಂದೆ ಒಂದು ಬಾಟಲಿ ಇರುತ್ತದೆ. ಲಾರಿ ಓಡಿಸುವವರಿಗೆಲ್ಲ ಅದು ಗೊತ್ತು. ಲಾರಿಯ ಧಣಿಗಳಿಗೂ ಗೊತ್ತು, ಆದರೆ ಗೊತ್ತಿಲ್ಲದ ಹಾಗೆ ಇರುವುದೇ ಧಣಿಗಳ ಕಸುಬು. ನೀರು ಖಾಲಿಯಾದ ಪ್ಲಾಸ್ಟಿಕ್ ಬಾಟಲಿ. ಎರಡು ಲೀಟರಿನದಾದರೆ ಒಳ್ಳೆಯದು, ಬಾಯಿ ಅಗಲವಿದ್ದರೆ ಪುಣ್ಯ. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದು ಕೈ ಬಾಟಲಿಯ ಮೇಲೆ, ಕಣ್ಣು ರಸ್ತೆಯ ಮೇಲೆ. ಹಾಗೆ ಉಚ್ಚೆ ಹೊಯ್ಯುವುದನ್ನು ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಹೇಳಿಕೊಡುವುದಿಲ್ಲ. ಹಂಪು ಬಂದರೆ ತೊಡೆ ಒದ್ದೆ. ಬಿಸಿಲೇರಿದರೆ ಕ್ಯಾಬಿನ್ನೆಲ್ಲ ಗಬ್ಬು. ಅದೇ ಕ್ಯಾಬಿನ್ನಿನಲ್ಲಿ ಊಟ, ಅದೇ ಕ್ಯಾಬಿನ್ನಿನಲ್ಲಿ ನಿದ್ದೆ. ಓದುವವರಿಗೆ ಹೇಸಿಗೆ ಅನ್ನಿಸಿದರೆ ಅನ್ನಿಸಲಿ. ಅದನ್ನು ಮೂಸುತ್ತ ಬದುಕುವವನಿಗೆ ಎಷ್ಟು ಅನ್ನಿಸಬೇಡ.

ಉದ್ದಣ್ಣ ಹದಿನಾರು ವರ್ಷದಿಂದ ಹೀಗೆ ಬದುಕಿದ್ದ. ಸ್ಟೀರಿಂಗಿಗೆ ಮಂಡಿ ತಾಗುವಷ್ಟು ಉದ್ದದ ಆಳು, ಹಾಗಾಗಿ ಆ ಹೆಸರು. ಡ್ಯಾಶ್‌ಬೋರ್ಡಿನಲ್ಲಿ ಕಂಪನಿ ಒಂದು ಯಂತ್ರ ಕೂರಿಸಿತ್ತು. ಲಾರಿ ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ಅದು ಕೀ ಕೀ ಅನ್ನುತ್ತಿತ್ತು, ಅಲ್ಲಿ ಆಫೀಸಿನ ಪರದೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತಿತ್ತು. ಮೂರು ಚುಕ್ಕೆ ಬಿದ್ದರೆ ಮುಂದಿನ ಟ್ರಿಪ್ಪು ಇನ್ನೊಬ್ಬನಿಗೆ. ನಿಲ್ಲಬಾರದು ಅಂದರೆ ಉಚ್ಚೆ ಬರಬಾರದು, ಉಚ್ಚೆ ಬರಬಾರದು ಅಂದರೆ ನೀರು ಕುಡಿಯಬಾರದು. ಗಂಟಲು ಒಣಗಿ, ಕಣ್ಣು ಎಳೆಯುತ್ತ ಬಂದಾಗ ಕಂಪನಿಯೇ ಬಿಟ್ಟಿ ಕೊಟ್ಟ ತಂಪು ಪಾನೀಯದ ಡಬ್ಬ. ಟ್ರಿಪ್ಪಿಗೆ ಇಷ್ಟು ಅಂತ ಗೇಟಿನಲ್ಲೇ ಎಣಿಸಿ ಕೊಡುತ್ತಿದ್ದರು, ಡ್ರೈವರು ತೂಕಡಿಸಬಾರದಲ್ಲ. ಒಂದು ಹನಿ ಚೆಲ್ಲಿದರೆ ಸ್ಟೀರಿಂಗಿಗೆ ಕೈ ಅಂಟುವಷ್ಟು ಸಿಹಿ. ಅದನ್ನು ಕುಡಿದು ಕುಡಿದು ಕಂಪನಿಯ ಹನ್ನೊಂದು ಡ್ರೈವರುಗಳಲ್ಲಿ ಹತ್ತು ಜನರ ಹೊಟ್ಟೆ ಮುಂದಕ್ಕೆ ಬಂದಿತ್ತು. ಕಾಲು ಸಣ್ಣಗಾಗಿತ್ತು. ಧಣಿಯ ಲಾರಿಗಳು ಮಾತ್ರ ಹೊತ್ತಿಗೆ ಮುಂಚೆ ಊರು ಮುಟ್ಟುತ್ತಿದ್ದವು.

ಆ ಬೆಳಿಗ್ಗೆ ಉದ್ದಣ್ಣನ ಹೆಂಡತಿ ಅಡುಗೆಮನೆಯ ಹೊಸಿಲ ಮೇಲೆ ಕೂತು, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅವನ ಬಲಗಾಲಿನ ಹೆಬ್ಬೆರಳು ಒರೆಸುತ್ತಿದ್ದಳು. ಬೆರಳಿನ ಬುಡ ಕಪ್ಪಾಗಿತ್ತು. ನಡುವೆ ಹಳದಿ ಕೀವು. ಒರೆಸಿದ ಬಟ್ಟೆಯನ್ನು ಅವಳು ಮೂಗಿನಿಂದ ದೂರ ಹಿಡಿದು ಬಕೆಟ್ಟಿಗೆ ಹಾಕಿದಳು.

ಮೂರು ವಾರದ ಹಿಂದೆ ಅವನ ಬೂಟಿನೊಳಗೆ ಒಂದು ಸಣ್ಣ ನಟ್ಟು ಸೇರಿಕೊಂಡಿತ್ತು. ಅದನ್ನು ತುಳಿದುಕೊಂಡೇ ಅವನು ಎರಡು ದಿನ ಲಾರಿ ಓಡಿಸಿದ್ದ. ಗೊತ್ತೇ ಆಗಿರಲಿಲ್ಲ. ಮನೆಗೆ ಬಂದು ಬೂಟು ಬಿಚ್ಚಿದಾಗ ಕಾಲುಚೀಲ ಚರ್ಮಕ್ಕೆ ಅಂಟಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ನೋಡಿ, ಸಕ್ಕರೆ ಕಾಯಿಲೆ ಏರಿಬಿಟ್ಟಿದೆ, ಹದಿನೈದು ದಿನ ಕಾಲು ಊರಬೇಡ, ಇಲ್ಲದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಅಂದಿದ್ದರು. ಅವರು ಹೇಳಿ ಎಂಟು ದಿನವಾಗಿತ್ತು. ಆ ಎಂಟು ದಿನದಲ್ಲಿ ಉದ್ದಣ್ಣ ಎರಡು ಟ್ರಿಪ್ಪು ಮುಗಿಸಿದ್ದ.

"ನೋವಾಗ್ತಿದ್ಯಾ?" ಅಂದಳು ಹೆಂಡತಿ, ಬೆರಳನ್ನು ಒತ್ತುತ್ತ.

"ಇಲ್ಲ."

"ಅದಕ್ಕೇ ನಂಗೆ ಭಯ. ನೀವು ಅಯ್ಯೋ ಅಂದಿದ್ರೆ ಸಮಾಧಾನ ಆಗಿರೋದು."

ಅವನು ಹಿಂದಕ್ಕೆ ಎಳೆದುಕೊಂಡ ಕಾಲನ್ನು ಅವಳು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡಳು.

"ಇವತ್ತು ಕಂಪನಿಯಲ್ಲಿ ಚೆಕಪ್ ಇದೆಯಲ್ಲ. ಈ ಸಲ ನಿಮ್ಮ ಉಚ್ಚೆಯನ್ನೇ ಕೊಡಿ. ಇರೋದನ್ನ ಇದ್ದ ಹಾಗೆ ಹೇಳಿ ರಜ ಕೇಳಿ."

"ರಜ ಕೊಡ್ತಾರೆ ಕಣೆ. ವಾಪಸ್ ಬಾ ಅನ್ನಲ್ಲ, ಅಷ್ಟೇ. ನಿನ್ನ ತಮ್ಮನಿಗೆ ಕೊಟ್ರಲ್ಲ ರಜ."

"ಕಾಲಿದ್ರೆ ತಾನೇ ಬ್ರೇಕು ಒತ್ತೋದು?"

"ಕೆಲಸ ಇದ್ರೆ ತಾನೇ ಕಾಲಿಗೆ ಔಷಧಿ?"

ಇಬ್ಬರ ಮಾತೂ ಸರಿ. ಅತ್ತ ದರಿ, ಇತ್ತ ಪುಲಿ. ಅವಳು ಹೊಸ ಬಟ್ಟೆ ಸುತ್ತಿ, ಮೇಲೆ ಕಾಲುಚೀಲ ಏರಿಸಿ, ಅದರ ಮೇಲೆ ಒಂದಿಷ್ಟು ಪೌಡರು ಉದುರಿಸಿದಳು, ವಾಸನೆ ಬರದಿರಲಿ ಅಂತ. ಬಕೆಟ್ಟನ್ನು ಎತ್ತಿಕೊಂಡು ಹೊರಗೆ ಹೋದವಳು ಅವನು ಹೊರಡುವವರೆಗೂ ಒಳಗೆ ಬರಲಿಲ್ಲ.

ಅವಳ ತಮ್ಮನ ಕಥೆಯನ್ನೂ ಹೇಳಿಬಿಡಬೇಕು. ಅವನೂ ಇದೇ ಕಂಪನಿಯ ಡ್ರೈವರಾಗಿದ್ದ. ಕಳೆದ ವರ್ಷ, ಟೈರುಗಳು ಬೋಳಾಗಿವೆ, ಬದಲಾಯಿಸದೆ ಲಾರಿ ಎತ್ತುವುದಿಲ್ಲ ಅಂತ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದ. ಮರುವಾರವೇ ಧಣಿಗೆ ಡ್ರೈವರುಗಳ ಆರೋಗ್ಯದ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಉಚ್ಚೆ ಪರೀಕ್ಷೆ ಶುರುವಾಯಿತು. ಉಚ್ಚೆಯಲ್ಲಿ ಅದ್ದುವ ಒಂದು ಪಟ್ಟಿ ಇರುತ್ತದೆ. ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಜಾಸ್ತಿ ಇದ್ದರೆ ಕಂದು. ಮೊದಲು ಕರೆದದ್ದು ಅವನೊಬ್ಬನನ್ನೇ. ಅವನ ಪಟ್ಟಿ ತುಸು ಹಸಿರಾಯಿತು. ರೋಗ ಮುಚ್ಚಿಟ್ಟು ಕಂಪನಿಗೆ ಮೋಸ ಮಾಡಿದ್ದಾನೆ ಅಂತ ಬರೆದು ಅವತ್ತೇ ಕೀ ಕಿತ್ತುಕೊಂಡರು. ಕಳ್ಳನಿಗೊಂದು ಪಿಳ್ಳೆ ನೆವ. ಅದೇ ಬೋಳು ಟೈರಿನ ಲಾರಿಯನ್ನು ಮರುದಿನ ಇನ್ನೊಬ್ಬ ಎತ್ತಿಕೊಂಡು ಹೋದ. ಭಾವಮೈದ ಈಗ ಕಂಪನಿಯ ಗೇಟಿನ ಎದುರಿಗೇ ಪಂಕ್ಚರ್ ಹಾಕುತ್ತ ಕೂತಿದ್ದ.

"ಭಾವ, ಕಾಲು ಎಳೀತಿದ್ದೀಯ," ಅಂದ ಅವನು, ಉದ್ದಣ್ಣ ಗೇಟಿನ ಹತ್ತಿರ ಬರುತ್ತಲೇ, ಟ್ಯೂಬು ನೀರಿನಲ್ಲಿ ಮುಳುಗಿಸುತ್ತ.

"ಬೂಟು ಬಿಗಿ."

"ಹೂಂ. ನಂಗೂ ಕಣ್ಣಿದೆ ಬಿಡು. ಇವತ್ತು ಒಳಗೆ ಏನೋ ಭಾರೀ ಶೃಂಗಾರ?"

ಶೃಂಗಾರವೇ ಇತ್ತು. ಲಾರಿ ನಿಲ್ಲುವ ಅಂಗಳವನ್ನು ತೊಳೆದಿದ್ದರು. ಆಫೀಸಿನ ಮುಂದೆ ಶಾಮಿಯಾನ, ಬಿಳಿ ಬಟ್ಟೆ ಹೊದಿಸಿದ ಉದ್ದದ ಮೇಜು, ಮೇಲೆ ಧಣಿಯ ನಗುಮುಖದ ಬ್ಯಾನರು. ಅದರಲ್ಲಿ ಬರೆದಿತ್ತು: ನೂರಕ್ಕೆ ನೂರು ಆರೋಗ್ಯವಂತ ಚಾಲಕರು. ದೊಡ್ಡ ಕಾರ್ಖಾನೆಯೊಂದು ವರ್ಷಪೂರ್ತಿ ಲೋಡು ಕೊಡುವುದಕ್ಕೆ ಕಂಪನಿ ಹುಡುಕುತ್ತಿತ್ತು. ಡ್ರೈವರುಗಳ ಆರೋಗ್ಯ ನೋಡಿಕೊಳ್ಳುವ ಕಂಪನಿಗೇ ಅಂತ ಅವರ ಷರತ್ತು. ಆರೋಗ್ಯವಂತ ಡ್ರೈವರಿದ್ದರೆ ಅಪಘಾತ ಕಡಿಮೆ, ಸರಕು ಹೊತ್ತಿಗೆ ಸರಿಯಾಗಿ ಬರುತ್ತದೆ, ವ್ಯಾಪಾರ ಕುದುರುತ್ತದೆ ಅಂತ ಅವರು ಯಾವುದೋ ಪುಸ್ತಕದಲ್ಲಿ ಓದಿದ್ದರಂತೆ. ಮಾತೇನೂ ಸುಳ್ಳಲ್ಲ. ಹನ್ನೊಂದು ಗಂಟೆಗೆ ಕಾರ್ಖಾನೆಯ ಸಾಹೇಬರು ಬಂದು, ಡ್ರೈವರುಗಳ ಕಾರ್ಡು ನೋಡಿ, ಒಪ್ಪಂದಕ್ಕೆ ಸಹಿ ಹಾಕುವವರಿದ್ದರು. ಅಷ್ಟರೊಳಗೆ ಹನ್ನೊಂದು ಕಾರ್ಡಿನ ಮೇಲೂ 'ಫಿಟ್' ಅಂತ ಸೀಲು ಬೀಳಬೇಕಿತ್ತು.

ಅದಕ್ಕೇನೂ ಚಿಂತೆ ಇರಲಿಲ್ಲ. ಡ್ರೈವರುಗಳ ಹತ್ತಿರ ಪೈಲ್ವಾನ ಇದ್ದ.

ಪೈಲ್ವಾನ ಅಂದರೆ ಅವರಲ್ಲೇ ಒಬ್ಬ. ಅಗಲ ಎದೆ, ದಪ್ಪ ಕುತ್ತಿಗೆ, ಹುಟ್ಟಿದಾಗಿನಿಂದ ಜ್ವರ ಬಂದದ್ದು ಎರಡೇ ಸಲ ಅಂತ ಹೇಳಿಕೊಳ್ಳುತ್ತಿದ್ದ. ಭಾವಮೈದನ ಕೀ ಹೋದ ಮೇಲೆ ಎಲ್ಲರ ಎದೆ ಒಡೆದಾಗ ಅವನೇ ಉಪಾಯ ಹೇಳಿದ್ದ. ನಂದೇ ಎಲ್ಲರೂ ಕೊಡಿ. ಅವತ್ತಿನಿಂದ ಎರಡು ತಿಂಗಳಿಗೊಮ್ಮೆ, ಚೆಕಪ್ಪಿನ ದಿನ, ಪೈಲ್ವಾನ ಮುಂಜಾನೆಯಿಂದ ನೀರು ಕುಡಿದು ಒಂದು ಸ್ಟೀಲಿನ ಜಗ್ಗು ಹಿಡಿದು ಆಫೀಸಿನ ಹಿಂದಿನ ಪಾಯಿಖಾನೆಗೆ ಹೋಗುತ್ತಿದ್ದ. ಜಗ್ಗು ಹೊರಗೆ ಬರುತ್ತಿತ್ತು. ಹನ್ನೊಂದು ಡಬ್ಬಿಗೆ ಹಂಚಿಕೆಯಾಗುತ್ತಿತ್ತು. ಹನ್ನೊಂದು ಜನ ಬದುಕಿಕೊಳ್ಳುತ್ತಿದ್ದರು. ಆರು ಸಲ ಹೀಗೇ ನಡೆದಿತ್ತು.

ಅವತ್ತೂ ಜಗ್ಗು ತುಂಬಿ ಬಂತು. ಅಂಚಿನವರೆಗೆ.

"ಏನಪ್ಪಾ ಇದು, ಹನ್ನೊಂದಲ್ಲ, ಇಪ್ಪತ್ತೆರಡು ಜನಕ್ಕೆ ಆಗತ್ತೆ," ಅಂದ ಗೊಣಗ. ಯಾವಾಗಲೂ ಗೊಣಗುವ ಮುದುಕ ಡ್ರೈವರು ಅವನು.

"ಈಚೆಗೆ ಹೀಗೇ ಮಾರಾಯ," ಪೈಲ್ವಾನ ನಕ್ಕ. "ಎಷ್ಟು ಕುಡಿದ್ರೂ ದಾಹ. ಕುಡಿದಿದ್ದೆಲ್ಲ ಹಂಗೇ ಬರತ್ತೆ. ಇನ್ಮೇಲೆ ನಿಮ್ಮೆಲ್ಲರ ಹತ್ರ ಬಾಡಿಗೆ ತಗೋಬೇಕು."

"ತೂಕಾನೂ ಇಳಿದಿದ್ದೀಯ. ಬೆಲ್ಟಿಗೆ ಹೊಸ ತೂತು ಬಿದ್ದಿದೆ."

"ವ್ಯಾಯಾಮ ಕಣೋ. ನಿಮ್ಮ ಥರ ಹೊಟ್ಟೆ ಬೆಳೆಸಿಲ್ಲ."

ಎಲ್ಲರೂ ನಕ್ಕರು. ಉದ್ದಣ್ಣ ನಗಲಿಲ್ಲ. ಆ ದಾಹ ಅವನಿಗೆ ಗೊತ್ತಿತ್ತು. ಆ ತೂಕ ಇಳಿಯುವುದೂ ಗೊತ್ತಿತ್ತು. ಜಗ್ಗಿನಿಂದ ನೆಲಕ್ಕೆ ನಾಲ್ಕು ಹನಿ ಚೆಲ್ಲಿತ್ತು. ನೋಡನೋಡುತ್ತ ಅದಕ್ಕೆ ಇರುವೆಗಳು ಮುತ್ತತೊಡಗಿದವು. ಒಂದು ಸಾಲು ಗೋಡೆಯ ಬಿರುಕಿನಿಂದ ಇಳಿದು ಬರುತ್ತಿತ್ತು. ಉದ್ದಣ್ಣನ ಬಾಯಿಗೆ ಮಾತು ಬಂತು. 'ಪೈಲ್ವಾನ, ಇದನ್ನು ಕೊಡೋದು ಬೇಡ, ನೀನು ಮೊದಲು ಡಾಕ್ಟರ ಹತ್ರ ಹೋಗು' ಅನ್ನಬೇಕಿತ್ತು. ಅಂದರೆ, ಇವತ್ತು ಡಬ್ಬಿಗೆ ಯಾರದನ್ನು ಹಾಕುವುದು? ತನ್ನದನ್ನೇ? ಅವನು ಬೂಟಿನಿಂದ ಇರುವೆಗಳನ್ನು ಒರೆಸಿಬಿಟ್ಟ. ಥೂ, ನನ್ನ ಜನ್ಮಕ್ಕಿಷ್ಟು ಅನ್ನಿಸಿತು. ಆದರೂ ತನ್ನ ಡಬ್ಬಿ ಮುಂದೆ ಹಿಡಿದ. ಪೈಲ್ವಾನ ಅದಕ್ಕೆ ಬೆಚ್ಚಗೆ ಸುರಿದ.

ಪರೀಕ್ಷೆ ಮಾಡಲು ಬರುತ್ತಿದ್ದ ಹೆಂಗಸನ್ನು ಎಲ್ಲರೂ ಸೂಜಿ ಅಕ್ಕ ಅನ್ನುತ್ತಿದ್ದರು. ಶಾಮಿಯಾನದ ಮೂಲೆಯಲ್ಲಿ ಕೂತು ಅವಳು ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡಳು. ಒಂದನೇ ಪಟ್ಟಿಯನ್ನು ಉದ್ದಣ್ಣನ ಡಬ್ಬಿಯಲ್ಲಿ ಅದ್ದಿದಳು. ನೀಲಿ ಹಸಿರಾಯಿತು, ಹಸಿರು ಕಂದಾಯಿತು. ಅವಳು ಕತ್ತೆತ್ತಿ ಉದ್ದಣ್ಣನ ಮುಖ ನೋಡಿದಳು. ಎರಡನೆಯದೂ ಕಂದು. ಮೂರನೆಯದು, ನಾಲ್ಕನೆಯದು. ಒಂದೊಂದು ಅದ್ದಿದಾಗಲೂ ಡ್ರೈವರುಗಳ ಸಾಲಿನಲ್ಲಿ ಒಬ್ಬೊಬ್ಬನೇ ತಲೆ ತಗ್ಗಿಸಿದ. ಹನ್ನೊಂದನೆಯ ಡಬ್ಬಿ ಪೈಲ್ವಾನನದೇ. ಅವನು ಎದೆ ಸೆಟೆಸಿ ನಿಂತಿದ್ದ. ಅದೂ ಕಂದಾಯಿತು.

"ಹನ್ನೊಂದು ಜನಕ್ಕೂ ಒಂದೇ ಬಣ್ಣ," ಅಂದಳು ಅವಳು, ಮೆಲ್ಲಗೆ. "ಆರು ಸಲದಿಂದ ಎಲ್ಲರದೂ ಒಂದೇ ಥರ ನೀಲಿ ಬರ್ತಿತ್ತು. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಹೊಟ್ಟೆಪಾಡು ನಂಗೂ ಇದೆ, ಬಾಯಿ ಮುಚ್ಕೊಂಡಿದ್ದೆ. ಇದು ಯಾರದಪ್ಪ? ಯಾರದಾದ್ರೂ ಆಗಲಿ, ಇವತ್ತೇ ಆಸ್ಪತ್ರೆಗೆ ಹೋಗ್ಬೇಕು. ಇಷ್ಟು ಕಂದು ನಾನು ನೋಡೇ ಇಲ್ಲ."

ಪೈಲ್ವಾನ ತನ್ನ ಹಿಂದೆ ತಿರುಗಿ ನೋಡಿದ, ಅಲ್ಲಿ ಇನ್ಯಾರೋ ಇರಬಹುದು ಅನ್ನುವ ಹಾಗೆ.

ಮ್ಯಾನೇಜರು ಬಂದ. ಪಟ್ಟಿಗಳನ್ನು ನೋಡಿದ. ಗಡಿಯಾರ ನೋಡಿದ. ಹತ್ತೂವರೆ.

"ಏನ್ರೀ ಇದು?"

"ಹನ್ನೊಂದರಲ್ಲೂ ಸಕ್ಕರೆ ಇದೆ ಸಾರ್."

"ನಿಮ್ಮ ಪಟ್ಟಿ ಹಳೇದಾಗಿರತ್ತೆ."

"ಈಗ ಒಡೆದ ಡಬ್ಬ ಸಾರ್."

"ಹಳೇದು ಅಂದ್ರೆ ಹಳೇದು. ಎಲ್ಲರಿಗೂ ಇಲ್ಲ ಅಂತ ಬರೀರಿ. ಸಾಹೇಬರು ದಾರೀಲಿದ್ದಾರೆ." ಅವನು ಜೇಬಿನಿಂದ ಸೀಲು ತೆಗೆದು ಅದಕ್ಕೆ ಊದಿದ. "ಬನ್ರಯ್ಯಾ, ಕಾರ್ಡು ಕೊಡಿ. ಎಲ್ಲರೂ ಫಿಟ್."

ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೀ ಉಳಿಯಿತು. ಗೊಣಗ ಆಗಲೇ ಕಾರ್ಡು ಮುಂದೆ ಚಾಚಿದ್ದ. ಆಗ ಪೈಲ್ವಾನ ಕೇಳಿದ:

"ಸಾರ್, ನಂಗೇನಾಗಿದೆ?"

"ನಿಂಗೇನಾಗಿದೆ? ಏನೂ ಆಗಿಲ್ಲ. ಫಿಟ್ ಅಂದ್ನಲ್ಲ."

"ಅಕ್ಕ ಆಸ್ಪತ್ರೆಗೆ ಹೋಗು ಅಂತಿದ್ದಾರೆ."

"ಲೋಡು ಇಳಿಸಿ ಬಂದ್ಮೇಲೆ ಹೋಗು. ಯಾರು ಬೇಡ ಅಂದ್ರು?"

ಎಂಟು ದಿನದ ಹಿಂದೆ ಉದ್ದಣ್ಣನೂ ತನಗೆ ತಾನೇ ಇದನ್ನೇ ಹೇಳಿಕೊಂಡಿದ್ದ. ಲೋಡು ಇಳಿಸಿ ಬಂದ ಮೇಲೆ. ಈಗ ಅದೇ ಮಾತನ್ನು ಮ್ಯಾನೇಜರ ಬಾಯಲ್ಲಿ ಕೇಳಿದಾಗ ಅವನು ಕೈಯಲ್ಲಿದ್ದ ಕಾರ್ಡನ್ನು ಜೇಬಿಗೆ ಹಾಕಿಕೊಂಡ. ಪೈಲ್ವಾನನ ಅಗಲ ಮುಖ ಕೈಗೂಸಿನ ಮುಖದಂತೆ ಪೆಚ್ಚಾಗಿತ್ತು.

"ಸಾರ್," ಅಂದ ಉದ್ದಣ್ಣ. "ಹೋದ ವರ್ಷ ನನ್ನ ಭಾವಮೈದನ ಪಟ್ಟಿ ಬರೀ ಹಸಿರಾಗಿತ್ತು. ಅವನನ್ನ ಹೊರಗೆ ಹಾಕಿದ್ರಿ. ಇವತ್ತು ಹನ್ನೊಂದು ಕಂದು. ಎಲ್ಲರೂ ಫಿಟ್ಟು ಹೆಂಗಾಗತ್ತೆ?"

"ನಿಂಗ್ಯಾಕಯ್ಯ ಅದೆಲ್ಲ? ಕೀ ಬೇಕೋ ಬೇಡವೋ?"

"ಬೇಕು. ಅದಕ್ಕೇ ಆರು ಸಲದಿಂದ ಕಳ್ಳತನ ಮಾಡಿದ್ವಿ. ಈ ಡಬ್ಬಿಯೊಳಗಿರೋದು ನಮ್ಮದಲ್ಲ ಸಾರ್. ಹನ್ನೊಂದೂ ಪೈಲ್ವಾನನದು. ಅವನೊಬ್ಬ ಗಟ್ಟಿ ಇದ್ದ ಅಂತ ಅವನ ಉಚ್ಚೆಯಲ್ಲಿ ನಾವು ಬದುಕಿದ್ವಿ. ಈಗ ಅವನೂ ಕೊಳೆತ."

ಗೊಣಗ ಅವನ ಅಂಗಿ ಹಿಡಿದೆಳೆದ. "ಹುಚ್ಚು ಹಿಡೀತೇನೋ ನಿಂಗೆ? ಹನ್ನೊಂದು ಮನೆ ಒಲೆಗೆ ನೀರು ಸುರೀತಿದ್ದೀಯ."

ಮ್ಯಾನೇಜರು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ಥೂ. ಮನುಷ್ಯರೇನ್ರೋ ನೀವು? ಅಸಹ್ಯ."

"ಅಸಹ್ಯಾನಾ ಸಾರ್?" ಉದ್ದಣ್ಣನ ಧ್ವನಿ ಏರಲಿಲ್ಲ. "ಇರಿ. ತೋರಿಸ್ತೀನಿ."

ಅವನು ಬಿಳಿ ಬಟ್ಟೆ ಹೊದಿಸಿದ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತ. ಅದು ಸಾಹೇಬರಿಗೆಂದು ಇಟ್ಟ ಕುರ್ಚಿ. ಬೂಟು ಬಿಚ್ಚಿದ. ಕಾಲುಚೀಲ ಎಳೆದ. ಹೆಂಡತಿ ಸುತ್ತಿದ್ದ ಬಟ್ಟೆ ಬಿಚ್ಚಿದ. ಪೌಡರಿನ ವಾಸನೆಯನ್ನು ಹಿಂದೆ ಹಾಕಿ ಅದರ ಒಳಗಿನದು ಹೊರಗೆ ಬಂತು. ನಿಂತವರೆಲ್ಲ ಮೂಗಿಗೆ ಕೈ ಒಯ್ದರು. ಗೊಣಗ ಒಬ್ಬನೇ ಮೂಗು ಮುಚ್ಚಲಿಲ್ಲ. ಅವನು ಆ ಕಾಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಗ್ಗಿ ತನ್ನ ಪ್ಯಾಂಟಿನ ಕಾಲು ಮಂಡಿಯವರೆಗೆ ಮಡಿಸಿದ. ಅವನ ಮೀನಖಂಡದ ಮೇಲೆ ಅಂಥದೇ ಒಂದು ಗಾಯಕ್ಕೆ ಹಳೆಯ ಕರ್ಚೀಫು ಕಟ್ಟಿತ್ತು.

"ನಂಗೊಬ್ಬನಿಗೇ ಅಂದ್ಕೊಂಡಿದ್ದೆ," ಅಂದ ಗೊಣಗ.

"ನಂಗೆ ಎಡಗಣ್ಣು ಮಂಜು," ಅಂದ ಹಿಂದಿನಿಂದ ಒಬ್ಬ.

"ನಂಗೆ ಕಲ್ಲು. ಹೊಯ್ಯುವಾಗ ರಕ್ತ ಬರತ್ತೆ. ಮನೇಲೂ ಹೇಳಿಲ್ಲ."

ಒಂದು ವರ್ಷ ಒಂದೇ ಜಗ್ಗಿನಿಂದ ಹಂಚಿಕೊಂಡವರು ಇದನ್ನು ಮಾತ್ರ ಹಂಚಿಕೊಂಡಿರಲಿಲ್ಲ. ಕೀ ಹೋದೀತು ಅನ್ನುವ ಭಯಕ್ಕೆ ಒಬ್ಬ ಇನ್ನೊಬ್ಬನ ಮುಂದೂ ಗಟ್ಟಿಗನ ಹಾಗೆ ನಡೆದಿದ್ದ.

"ನೋಡ್ರಪ್ಪ," ಮ್ಯಾನೇಜರ ದನಿ ಈಗ ಬೆಣ್ಣೆಯಾಯಿತು. "ಒಂದು ಗಂಟೆ ಸುಮ್ನಿರಿ. ಸಹಿ ಆಗ್ಲಿ. ಆಮೇಲೆ ನಿಮ್ಮ ಕಷ್ಟ ಧಣಿಗಳಿಗೆ ನಾನೇ ಹೇಳ್ತೀನಿ."

"ಆಮೇಲೆ ಯಾಕೆ? ಸಾಹೇಬರು ಆರೋಗ್ಯ ನೋಡೋಕೆ ತಾನೇ ಬರ್ತಿರೋದು," ಅಂದ ಉದ್ದಣ್ಣ. ಆಮೇಲೆ ಉಳಿದವರ ಕಡೆ ತಿರುಗಿದ. "ನಮ್ಮ ನಮ್ಮದನ್ನೇ ಕೊಡೋಣ. ಹೋದ ಟ್ರಿಪ್ಪಿನ ಬಾಟಲಿ ತನ್ನಿ."

ಯಾರೂ ತಕ್ಷಣ ಅಲ್ಲಾಡಲಿಲ್ಲ. ಹತ್ತು ಜನ ತಮ್ಮ ತಮ್ಮ ಮನೆಯ ಒಲೆಯನ್ನು ನೆನೆದಿರಬೇಕು. ಮೊದಲು ಗೊಣಗ ಹೊರಟ. ಗೊಣಗುತ್ತಲೇ ಹೊರಟ. ತನ್ನ ಲಾರಿ ಹತ್ತಿ ಸೀಟಿನ ಹಿಂದೆ ಕೈ ಹಾಕಿದ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಎಲ್ಲರೂ. ಅಂಗಳದ ತುಂಬ ಕ್ಯಾಬಿನ್ ಬಾಗಿಲುಗಳು ತೆರೆದುಕೊಂಡವು.

ಕಾರ್ಖಾನೆಯ ಕಾರು ಒಳಗೆ ಬಂದಾಗ ಬಿಳಿ ಬಟ್ಟೆಯ ಮೇಲೆ ಹತ್ತು ಬಾಟಲಿಗಳು ಸಾಲಾಗಿ ನಿಂತಿದ್ದವು. ಕೆಲವು ಹಳದಿ, ಕೆಲವು ಕಂದು, ಒಂದು ಕೆಂಪಗೆ. ಧಣಿ ಮುಂದಿನಿಂದ ಇಳಿದ, ಸಾಹೇಬರು ಹಿಂದಿನಿಂದ. ಭಾವಮೈದ ಕೈಯಲ್ಲಿ ಟ್ಯೂಬು ಹಿಡಿದುಕೊಂಡೇ ಅವರ ಹಿಂದೆ ಒಳಗೆ ಬಂದಿದ್ದ. ಗೇಟಿನವನು ಅವನನ್ನು ತಡೆಯಲಿಲ್ಲ.

"ಏನಿದು?" ಅಂದರು ಸಾಹೇಬರು, ಕರ್ಚೀಫು ತೆಗೆಯುತ್ತ.

ಧಣಿ ಮ್ಯಾನೇಜರನ್ನು ನೋಡಿದ. ಮ್ಯಾನೇಜರು ನೆಲ ನೋಡಿದ.

"ಆರೋಗ್ಯ ಸಾರ್," ಅಂದ ಉದ್ದಣ್ಣ, ಬರಿಗಾಲಿನಲ್ಲಿ ಎದ್ದು ನಿಂತು. "ಲಾರಿ ನಿಲ್ಲಿಸಿದ್ರೆ ಟ್ರಿಪ್ಪು ಹೋಗತ್ತೆ. ಅದಕ್ಕೆ ಓಡಿಸ್ತಾನೇ ಹೊಯ್ದಿದ್ದು. ನಿಮ್ಮ ಸರಕು ಹೊತ್ತಿಗೆ ಸರಿಯಾಗಿ ಬರೋದು ಇದರಿಂದಾನೇ. ನಾಳೆಯಿಂದ ನಿಮ್ಮ ಲೋಡು ಎಳೆಯೋರು ನಾವೇ, ನೋಡ್ಕೊಳ್ಳಿ."

"ಇವನ್ನೆಲ್ಲ ಎತ್ತಿಸ್ರೀ," ಧಣಿ ಸೂಜಿ ಅಕ್ಕನಿಗೆ ಹೇಳಿದ. "ನಿಮ್ಮ ಕೆಲಸ ಮಾಡ್ರಿ ನೀವು."

ಸೂಜಿ ಅಕ್ಕ ಬಾಟಲಿಗಳ ಸಾಲು ನೋಡಿದಳು. ಆಮೇಲೆ ಹೊಸ ಪಟ್ಟಿಗಳ ಡಬ್ಬ ಹತ್ತಿರ ಎಳೆದುಕೊಂಡು, ಮುಂಚಿನ ಹಾಳೆ ಹರಿದು, ಹೊಸ ಹಾಳೆ ತೆಗೆದಳು.

"ಅದನ್ನೇ ಮಾಡ್ತೀನಿ ಸಾರ್," ಅಂದಳು. "ಒಂದನೇ ನಂಬರು."

ಉದ್ದಣ್ಣ ಕಾಲೆಳೆಯುತ್ತ ಮುಂದೆ ಬಂದು ತನ್ನ ಬಾಟಲಿಯ ಮುಚ್ಚಳ ತೆಗೆದ. ಪಟ್ಟಿ ಒಳಗೆ ಹೋಯಿತು. ಅವಳು ಬಣ್ಣವನ್ನು ಗಟ್ಟಿಯಾಗಿ ಓದಿ, ಬರೆದುಕೊಂಡಳು. ಎರಡನೇ ನಂಬರು. ಮೂರನೇ ನಂಬರು. ಸಾಹೇಬರು ಕರ್ಚೀಫು ಮೂಗಿಗೆ ಒತ್ತಿಕೊಂಡು ಕಾರಿನ ಕಡೆ ಒಂದೊಂದೇ ಹೆಜ್ಜೆ ಹಿಂದೆ ಇಡುತ್ತಿದ್ದರು. ಧಣಿ ಅವರ ಪಕ್ಕದಲ್ಲೇ ಏನೋ ಹೇಳುತ್ತ ಹೆಜ್ಜೆ ಹಾಕುತ್ತಿದ್ದ.

ಹತ್ತು ಮುಗಿದ ಮೇಲೆ ಪೈಲ್ವಾನ ಮುಂದೆ ಬಂದ. ಅವನ ಕೈಯಲ್ಲಿ ಬಾಟಲಿ ಇರಲಿಲ್ಲ. ಖಾಲಿ ಜಗ್ಗನ್ನು ಮೇಜಿನ ಮೇಲೆ ಇಟ್ಟ.

"ನಂದು ಬೆಳಿಗ್ಗೇನೇ ಹನ್ನೊಂದು ಸಲ ನೋಡಿದ್ರಲ್ಲ ಅಕ್ಕ," ಅಂದ. "ಅದನ್ನೇ ಬರ್ಕೊಳ್ಳಿ."

ಉದ್ದಣ್ಣ ಅವನ ಹೆಗಲ ಮೇಲೆ ಕೈ ಇಟ್ಟ. ಬೆಳಿಗ್ಗೆ ಇರುವೆಗಳನ್ನು ಒರೆಸಿದ್ದನ್ನು ಹೇಳಿದ. ಪೈಲ್ವಾನ ಆ ಕೈಯನ್ನು ತೆಗೆಯಲಿಲ್ಲ.

"ಆಸ್ಪತ್ರೆಗೆ ನಡೀರಿ," ಅಂದ ಭಾವಮೈದ. "ಇಬ್ಬರೂ."

"ಎಲ್ಲರೂ," ಅಂದ ಗೊಣಗ.

ಲೋಡು ತುಂಬಿದ ಹನ್ನೊಂದು ಲಾರಿಗಳು ಬಾಗಿಲು ತೆರೆದುಕೊಂಡು ಅಲ್ಲೇ ನಿಂತಿದ್ದವು. ಹೊರಡಬೇಕಿದ್ದ ಹೊತ್ತು ಮೀರಿ ಐದು ನಿಮಿಷವಾಗಿತ್ತು, ಅವುಗಳೊಳಗಿನ ಯಂತ್ರಗಳು ಒಂದಾದ ಮೇಲೊಂದು ಕೀ ಕೀ ಅನ್ನತೊಡಗಿದವು. ಆಫೀಸಿನ ಪರದೆಯ ಮೇಲೆ ಕೆಂಪು ಚುಕ್ಕೆಗಳು ಬೀಳುತ್ತಿದ್ದಿರಬೇಕು, ನೋಡಲು ಒಳಗೆ ಯಾರೂ ಇರಲಿಲ್ಲ. ಮ್ಯಾನೇಜರು ಇನ್ನೂ ಶಾಮಿಯಾನದ ಕೆಳಗೇ ಇದ್ದ. ಶಾಯಿ ಹಚ್ಚಿದ ಸೀಲು ಅವನ ಕೈಯಲ್ಲಿತ್ತು. ಒತ್ತುವುದಕ್ಕೆ ಯಾರೂ ಕಾರ್ಡು ಕೊಡಲಿಲ್ಲ.